ಅಪೊಪ್ಟೋಸಿಸ್‌ಗೆ ಕನ್ನಡದಲ್ಲಿ ಏನನ್ನೋಣ? 'ಆತ್ಮಹತ್ಯೆ' ಬೇಡ

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ಜೀವಕೋಶದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಅರ್ಧದ ತನಕ ಸರಾಗವಾಗಿ ಬಂತು. ಈಗ ಒಂದು ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ. ಆ ಪದ ಅಪೊಪ್ಟೋಸಿಸ್, ಅಂದರೆ ದೇಹಕ್ಕೆ ಬೇಡವಾದ ಜೀವಕೋಶ ತಾನಾಗಿ, ಅಚ್ಚುಕಟ್ಟಾಗಿ ಸಾಯುವುದು.

'ಜೀವಕೋಶಗಳ ಆತ್ಮಹತ್ಯೆ' ಎಂದು ಬರೆಯುವುದನ್ನು ನೋಡಿದ್ದೇನೆ. ನಾನೂ ಹಾಗೇ ಬರೆದಿದ್ದೆ. ನನ್ನ ತಂಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಕರಡು ಓದಿದವಳೇ "ಅಣ್ಣಾ, ಒಂಬತ್ತನೇ ಕ್ಲಾಸಿನ ಮಕ್ಕಳೆದುರು ಈ ಮಾತು ನಾನು ಹೇಳಲ್ಲ. ಬೇರೆ ಪದ ಹುಡುಕು" ಅಂದಳು. ಸ್ವಲ್ಪ ಅತಿಯಾಯ್ತು ಅನ್ನಿಸಿತು ನನಗೆ. ರಾತ್ರಿ ಮತ್ತೆ ಓದಿ ನೋಡಿದೆ. ಅವಳು ಹೇಳಿದ್ದು ಸರಿ. ಆತ್ಮಹತ್ಯೆ ಎಂದ ಕೂಡಲೇ ಸಂಕಟ, ಹತಾಶೆ ಕಣ್ಣಿಗೆ ಬರುತ್ತವೆ. ಕೋಶಕ್ಕೆ ಎಂಥ ಹತಾಶೆ? ಅದು ದೇಹದ ಮನೆಗೆಲಸ ಮಾಡುತ್ತಿದೆ, ಅಷ್ಟೇ.

'ಯೋಜಿತ ಕೋಶಮರಣ' ಅನ್ನಬಹುದು. ಆದರೆ ಅದನ್ನು ಕೇಳಿದರೆ ಯಾವುದೋ ಸರ್ಕಾರಿ ಯೋಜನೆಯ ಹೆಸರಿದ್ದಂತಿದೆ, ಅರ್ಜಿ ಹಾಕಬೇಕೇನೋ ಅನ್ನಿಸುತ್ತದೆ.

ಪದ ಹುಡುಕುವ ಮೊದಲು ವಿಷಯ ನೋಡಿ. ಕೋಶ ಸಾಯುವುದರಲ್ಲಿ ಹಲವು ಬಗೆಗಳಿವೆ, ನನ್ನ ಪುಸ್ತಕಕ್ಕೆ ಎರಡು ಸಾಕು. ಒಂದು ನೆಕ್ರೋಸಿಸ್. ಸುಟ್ಟಗಾಯವಾದಾಗ, ರಕ್ತ ಹೋಗುವ ದಾರಿ ಕಟ್ಟಿಕೊಂಡಾಗ, ವಿಷ ತಾಗಿದಾಗ ಕೋಶ ಊದಿಕೊಂಡು ಒಡೆಯುತ್ತದೆ. ಒಳಗಿದ್ದದ್ದೆಲ್ಲ ಹೊರಗೆ ಚೆಲ್ಲಿ ಸುತ್ತಲೂ ಬಾವು, ಉರಿ, ಕೆಂಪು. ಇನ್ನೊಂದು ನಮ್ಮ ಅಪೊಪ್ಟೋಸಿಸ್. ಇಲ್ಲಿ ಕೋಶ ಮುರುಟಿಕೊಳ್ಳುತ್ತದೆ. ತನ್ನ ಡಿಎನ್ಎಯನ್ನು ತಾನೇ ತುಂಡು ಮಾಡುತ್ತದೆ. ಆಮೇಲೆ ಪುಟ್ಟ ಪುಟ್ಟ ಗಂಟುಗಳಾಗಿ ಒಡೆಯುತ್ತದೆ, ಆದರೆ ಒಂದು ಗಂಟೂ ಬಿಚ್ಚುವುದಿಲ್ಲ. 'ನನ್ನನ್ನು ತಿನ್ನಿ' ಎಂಬ ಗುರುತು ಮೈಮೇಲೆ ಮೂಡಿರುತ್ತದೆ. ಪಕ್ಕದ ಕೋಶಗಳೋ ಬಿಳಿರಕ್ತಕಣಗಳೋ ಬಂದು ನುಂಗುತ್ತವೆ. ಬಾವಿಲ್ಲ, ಗಲಾಟೆಯಿಲ್ಲ. ಮನೆ ಖಾಲಿ ಮಾಡುವವರು ಸಾಮಾನು ಕಟ್ಟಿ, ಕಸ ಗುಡಿಸಿ, ಬೀಗದ ಕೈ ಕೊಟ್ಟು ಹೋದ ಹಾಗೆ.

ಈಗ ಹೆಸರಿನ ಕಥೆ. ಇದೇ ನನಗೆ ತುಂಬಾ ಹಿಡಿಸಿದ್ದು. ಆಸ್ಟ್ರೇಲಿಯಾದ ರೋಗಶಾಸ್ತ್ರಜ್ಞ ಜಾನ್ ಕೆರ್ ಮೊದಲು ಇದನ್ನು 'ಮುರುಟುವ ನೆಕ್ರೋಸಿಸ್' ಎಂಬರ್ಥ ಬರುವಂತೆ ಕರೆದಿದ್ದರು. ಆಮೇಲೆ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ವೈಲಿ ಮತ್ತು ಕರಿ ಎಂಬುವರ ಜೊತೆ ಕೆಲಸ ಮಾಡುವಾಗ ಹೊಸ ಹೆಸರು ಬೇಕೆನಿಸಿತು. ವೈದ್ಯರನ್ನು ಕೇಳಲಿಲ್ಲ, ಅಲ್ಲಿನ ಗ್ರೀಕ್ ಮೇಷ್ಟ್ರು ಜೇಮ್ಸ್ ಕಾರ್ಮ್ಯಾಕ್ ಅವರನ್ನು ಕೇಳಿದರು! ಅವರು ಕೊಟ್ಟ ಪದ ಇದು. ಹೂವಿನಿಂದ ಎಸಳು, ಮರದಿಂದ ಎಲೆ ಉದುರುವುದಕ್ಕೆ ಗ್ರೀಕಿನಲ್ಲಿ ಹೀಗೆ ಹೇಳುತ್ತಿದ್ದರಂತೆ. 1972ರಲ್ಲಿ ಅಚ್ಚಾದ ಲೇಖನದ ಅಡಿಟಿಪ್ಪಣಿಯಲ್ಲೇ ಇದನ್ನೆಲ್ಲ ಬರೆದಿದ್ದಾರೆ. ಎರಡನೇ 'ಪ'ಕಾರವನ್ನು ಉಚ್ಚರಿಸಬೇಡಿ ಎಂದೂ ಸೂಚಿಸಿದ್ದಾರೆ. ಅದರ ಪ್ರಕಾರ ನಾನು 'ಅಪೊಟೋಸಿಸ್' ಎಂದು ಬರೆಯಬೇಕಿತ್ತು. ಎಲ್ಲರೂ ಬರೆಯುವ ಹಾಗೆ ಬರೆದಿದ್ದೇನೆ, ಕ್ಷಮಿಸಿ. ಕಣ್ಣಿನ ರೆಪ್ಪೆ ಜೋತುಬಿದ್ದರೆ ಡಾಕ್ಟರು 'ಟೋಸಿಸ್' ಅನ್ನುತ್ತಾರಲ್ಲ, ಅದೂ ಇದೇ ಬೇರಿನದು.

ಅಂದರೆ ಮೂಲದಲ್ಲೇ 'ಉದುರು' ಇದೆ. ಹಾಗಾಗಿ ನಾನು ಕಟ್ಟಿದ ಪದ 'ಉದುರುಸಾವು'. ಮಾವಿನ ಮರ ನೋಡಿ. ಕಚ್ಚಿದ ಮಿಡಿಗಳಲ್ಲಿ ಬಹುಪಾಲು ಉದುರಿಹೋಗುತ್ತವೆ. ಮರಕ್ಕೆ ಏನೋ ಆಯ್ತು ಎಂದು ಯಾರೂ ಹೆದರುವುದಿಲ್ಲ. ಹಣ್ಣೆಲೆಗಿಂತ ಈ ಮಿಡಿಯೇ ಇಲ್ಲಿಗೆ ಒಪ್ಪುತ್ತದೆ, ಯಾಕೆಂದರೆ ಇದು ಬರೀ ಮುಪ್ಪಿನ ಸಾವಲ್ಲ. ಸೀ ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿದೆ. ಅದರಲ್ಲಿ ಗಂಡು-ಹೆಣ್ಣು ಎರಡೂ ಆಗಿರುವ ದ್ವಿಲಿಂಗಿ ಹುಳು ಬೆಳೆಯುವಾಗ 1090 ದೇಹಕೋಶಗಳು ಹುಟ್ಟುತ್ತವೆ, 131 ಸಾಯುತ್ತವೆ, 959 ಉಳಿಯುತ್ತವೆ. ಇಂಥ ಪ್ರತಿ ಹುಳುವಿನಲ್ಲೂ ಅದೇ ಲೆಕ್ಕ, ಅವೇ ಕೋಶಗಳು. ಎಷ್ಟೋ ಕೋಶಗಳು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಹೋಗುತ್ತವೆ. ಈ ಲೆಕ್ಕ ಹಿಡಿದವರಲ್ಲಿ ಜಾನ್ ಸಲ್ಸ್ಟನ್ ಒಬ್ಬರು. ಸಾಯಿಸುವ ಜೀನುಗಳನ್ನು ಹುಡುಕಿದವರು ರಾಬರ್ಟ್ ಹಾರ್ವಿಟ್ಸ್. ಇಂಥ ಅಧ್ಯಯನಕ್ಕೆ ಈ ಹುಳುವನ್ನು ಆರಿಸಿಕೊಂಡವರು ಸಿಡ್ನಿ ಬ್ರೆನ್ನರ್. 2002ರ ನೊಬೆಲ್ ಈ ಮೂವರಿಗೂ ಬಂತು. ಹೀಗೆ ಮೊದಲೇ ಎಣಿಸಿಟ್ಟ ಸಾವಿಗೆ ಆತ್ಮಹತ್ಯೆ ಅನ್ನುವುದು ಹೇಗೆ?

'ಉದುರು' ಇಟ್ಟುಕೊಂಡರೆ ಇನ್ನೊಂದು ಲಾಭವಿದೆ. ಕ್ಯಾನ್ಸರನ್ನು ವಿವರಿಸುವುದು ಸುಲಭ. ಉದುರಬೇಕಾದ ಕೋಶ ಉದುರದೆ ಕೂತು ಬೆಳೆಯುತ್ತಾ ಹೋಗುವುದು ಅದರಲ್ಲಿ ಒಂದು ಮುಖ್ಯ ಸಂಗತಿ. ಡಿಎನ್ಎ ಕೆಟ್ಟ ಕೋಶವನ್ನು 'ನೀನಿನ್ನು ಹೊರಡು' ಎಂದು ಕಳಿಸುವ ಪಿ53 ಎಂಬ ಜೀನು, ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಪದಕ್ಕೆ ನಾನೇ ತಕರಾರು ಎತ್ತಬೇಕು. ತಂಗಿಯ ಕ್ಲಾಸಿನಲ್ಲಿ ಪರೀಕ್ಷೆ ಮಾಡಿಸಿದೆ. ಗೊದಮೊಟ್ಟೆಯ ಬಾಲ ಹೋಗುವುದು ಉದುರುಸಾವಿನಿಂದ ಎಂದು ಹೇಳಿದರೆ, ಒಬ್ಬ ಹುಡುಗ "ಹಾಗಾದ್ರೆ ಉದುರಿದ ಬಾಲ ಕೆರೇಲಿ ಎಲ್ಲೂ ಕಾಣಲ್ವಲ್ಲ ಮಿಸ್?" ಅಂದನಂತೆ. ಸರಿಯಾದ ಪ್ರಶ್ನೆ. ಬಾಲ ಉದುರುವುದಿಲ್ಲ, ಒಳಗೊಳಗೇ ಕರಗುತ್ತದೆ. ಹೊಟ್ಟೆಯೊಳಗಿನ ಮಗುವಿನ ಕೈಯೂ ಹಾಗೇ. ಮೊದಲು ಸೌಟಿನಂತೆ ಚಪ್ಪಟೆಯಾಗಿರುತ್ತದೆ, ನಡುವಿನ ಕೋಶಗಳು ಸತ್ತು ಬೆರಳುಗಳು ಬಿಡಿಯಾಗುತ್ತವೆ. ಬಾತುಕೋಳಿಯ ಕಾಲಲ್ಲಿ ಈ ಸಾವು ಕಡಿಮೆ, ಅದಕ್ಕೇ ಅಲ್ಲಿ ಚರ್ಮ ಉಳಿದುಕೊಂಡಿದೆ.

ಹಾಗಾದರೆ 'ಕರಗುಸಾವು' ಅನ್ನೋಣವೇ? ಬಸಿರು ಕರಗಿತು ಅನ್ನುತ್ತೇವಲ್ಲ, ಅದೇ ತೊಡಕು. ಹೊಟ್ಟೆಯೊಳಗಿನ ಮಗುವಿನ ಪಾಠದಲ್ಲಿ ಅದು ಚೆನ್ನಾಗಿರದು. 'ಮುರುಟು' ಕೋಶದ ರೂಪಕ್ಕೆ ಒಪ್ಪುತ್ತದೆ, ಆದರೆ ರೋಗ ಬಂದ ಗಿಡ ನೆನಪಾಗುತ್ತದೆ. 'ಕಳಚು' ನನಗೆ ಇಷ್ಟ. ಮೃತ್ಯುಂಜಯ ಮಂತ್ರದ ಸೌತೆಕಾಯಿ ತೊಟ್ಟು ಕಳಚಿಕೊಳ್ಳುವುದು ಥಟ್ಟನೆ ಹೊಳೆಯಿತು. 'ಕಳಚುಸಾವು' ಅಂದರೆ ಮಾತ್ರ ನಾಲಿಗೆ ತೊಡರುತ್ತದೆ.

ನೆಕ್ರೋಸಿಸ್‌ಗೆ 'ಕೊಳೆಸಾವು' ಎಂದು ಬರೆದು ಹೊಡೆದುಹಾಕಿದ್ದೇನೆ. ಸಕ್ಕರೆ ಕಾಯಿಲೆಯವರ ಕಾಲು ಕೊಳೆತಿದೆ ಅನ್ನುತ್ತೇವೆ, ಅಲ್ಲಿಗೆ ಸರಿ. ಆದರೆ ಹಾರ್ಟ್ ಅಟ್ಯಾಕಿನಲ್ಲಿ ಸತ್ತ ಹೃದಯದ ಸ್ನಾಯು ಕೊಳೆಯುವುದಿಲ್ಲ. ಸದ್ಯಕ್ಕೆ 'ಒಡೆಸಾವು' ಎಂದಿಟ್ಟಿದ್ದೇನೆ.

ನನ್ನ ಪ್ರಶ್ನೆಗಳು ಎರಡೇ. ಮಾವು, ತೆಂಗು, ಅಡಿಕೆ, ಹತ್ತಿ ಬೆಳೆಯುವವರು ಇಲ್ಲಿದ್ದೀರಿ. ರೋಗದಿಂದ ಉದುರುವುದಕ್ಕೂ ಮರ ತಾನಾಗಿ ಉದುರಿಸುವುದಕ್ಕೂ ನಿಮ್ಮ ಕಡೆ ಬೇರೆ ಬೇರೆ ಮಾತಿದೆಯಾ? ಇದ್ದರೆ ಅದೇ ನನಗೆ ಬೇಕಾದ ಪದ. ಇಲ್ಲವಾದರೆ 'ಉದುರುಸಾವು' ಇಟ್ಟುಕೊಂಡು, ಕೆಳಗೆ ಆ ಹುಡುಗನ ಪ್ರಶ್ನೆಯನ್ನೂ ಉತ್ತರವನ್ನೂ ಅಚ್ಚು ಹಾಕಿಬಿಡಲಾ? ಕರಡು ಮುಂದಿನ ವಾರ ಅಚ್ಚಿಗೆ ಹೋಗಬೇಕು, ಸ್ವಲ್ಪ ಬೇಗ ಹೇಳಿ.