ದೊಡ್ಡಪ್ಪ ಕಳಿಸಿದ 2520

ಬೆಳ್ಳಂಬೆಳಿಗ್ಗೆ ಬಸವನಗುಡಿ ದೊಡ್ಡಪ್ಪ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ‘1ರಿಂದ 10ರವರೆಗೆ ಎಲ್ಲದರಿಂದಲೂ ಭಾಗವಾಗುವ ಏಕೈಕ ಸಂಖ್ಯೆ 2520. ಕಂಡುಹಿಡಿದವರು ರಾಮಾನುಜನ್! ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು, ಗುಣಿಸಿ ನೋಡಿ.’ ಕೆಳಗೆ ಅವರದೇ ಮಾತು: ‘ಈಗಿನ ಮಕ್ಕಳಿಗೆ ಮಗ್ಗಿಯೇ ಬರಲ್ಲ.’

ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಆಮೇಲೆ ವಿಜಯನಗರದ ತಮ್ಮ ಬಂದ.

‘ಇದಕ್ಕೆ ಆಧಾರ ಏನು? 5040 ಕೂಡ ಭಾಗವಾಗುತ್ತೆ, 7560 ಕೂಡ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು 2520, ಅಷ್ಟೇ.’

ದೊಡ್ಡಪ್ಪ: ‘ದೊಡ್ಡವರ ಮಾತಲ್ಲಿ ತಪ್ಪು ಹುಡುಕೋದೇ ವಿದ್ಯೆ ಆಗಿಬಿಟ್ಟಿದೆ.’

ಅತ್ತೆ: ‘ಅವರಪ್ಪನೂ ಹೀಗೇ ಅಲ್ವಾ.’

ಅಷ್ಟರಲ್ಲಿ ಜಯನಗರದ ಅಕ್ಕನಿಗೆ ಹಳೆಯದೆಲ್ಲ ನೆನಪಾಯಿತು. ‘ತಾತ ಕಡಲೆಕಾಯಿ ಪರಿಷೆಯಿಂದ ಸೇರುಗಟ್ಟಲೆ ತಂದು, ಜಗಲಿ ಮೇಲೆ ಸುರಿದು, ಮೊಮ್ಮಕ್ಕಳಿಗೆಲ್ಲ ಎಣಿಸಿ ಹಂಚುತ್ತಿದ್ದರು.’

ಚಿಕ್ಕಪ್ಪ: ‘ನಿಮ್ಮ ಮನೆಯವರಿಗೆ ಎಣಿಸಿ. ನಮ್ಮ ಮಕ್ಕಳಿಗೆ ಉಳಿದದ್ದು. ಸೈಟು ಹಂಚುವಾಗಲೂ ಅದೇ ಆಗಿದ್ದು.’

ಅಲ್ಲಿಗೆ 2520 ಎಲ್ಲರಿಗೂ ಮರೆತುಹೋಯಿತು. ಚಿಕ್ಕಪ್ಪ ಗುಂಪು ಬಿಟ್ಟರು.

ನನಗೆ ತುಂಬಾ ಬೇಜಾರಾಯಿತು. ಈ ಸಂಖ್ಯೆಗೂ ರಾಮಾನುಜನ್‌ಗೂ ನಿಜವಾದ ನಂಟು ಇದೆ. ಫಾರ್ವರ್ಡಿನ ಸುಳ್ಳಿಗಿಂತ ಅದು ಎಷ್ಟೋ ಚೆನ್ನಾಗಿದೆ. ಅದನ್ನೇ ಬರೆದು ಹಾಕಿದೆ.

‘ಕ್ಯಾಲೆಂಡರ್ ಬಿಡಿ, ವರ್ಷಕ್ಕೆ 360 ದಿನ ಇಲ್ಲ. 8, 9, 5, 7 ಗುಣಿಸಿ, 2520 ಬರುತ್ತೆ. 8ರಲ್ಲಿ 2, 4 ಸೇರಿವೆ, 9ರಲ್ಲಿ 3 ಇದೆ. 6 ಮತ್ತು 10 ತಾವಾಗಿಯೇ ಬರುತ್ತವೆ. ಇದಕ್ಕೆ ಒಟ್ಟು 48 ಅಪವರ್ತನಗಳು, ಅಂದರೆ ಶೇಷ ಉಳಿಯದಂತೆ ಇದನ್ನು ಭಾಗಿಸುವ ಸಂಖ್ಯೆಗಳು. ಇದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಅಷ್ಟು ಇಲ್ಲ. ಹೀಗೆ ತನಗಿಂತ ಚಿಕ್ಕವನ್ನೆಲ್ಲ ಮೀರಿಸುವ ಸಂಖ್ಯೆಗಳ ಬಗ್ಗೆ ರಾಮಾನುಜನ್ 1915ರಲ್ಲಿ ದೊಡ್ಡ ಪ್ರಬಂಧ ಪ್ರಕಟಿಸಿದರು. ಮಾರನೇ ವರ್ಷ ಕೇಂಬ್ರಿಜ್ ಪದವಿ ಸಿಕ್ಕಿದ್ದು ಈ ಕೆಲಸಕ್ಕೇ. ಆ ಪ್ರಬಂಧದಲ್ಲಿ ಇಂಥ ಸಂಖ್ಯೆಗಳ ಪಟ್ಟಿ ಇದೆ, ಅದರ ಕೊನೆಯ ಸಂಖ್ಯೆ 6746328388800. ಹದಿಮೂರು ಅಂಕಿ, 10080 ಅಪವರ್ತನಗಳು! ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಲ್ಲಿವರೆಗೆ ಹೋಗಿ, ನಡುವೆ ಒಂದನ್ನು ಮಾತ್ರ ಬಿಟ್ಟಿದ್ದಾರೆ: 293318625600. ಅದನ್ನು 23ರಿಂದ ಗುಣಿಸಿ, ಏನು ಬರುತ್ತೆ ನೋಡಿ.’

ಗುಣಿಸಿದ್ದು ತಮ್ಮ ಒಬ್ಬನೇ. ‘ಅಯ್ಯೋ, ಅದೇ ಕೊನೆಯ ಸಂಖ್ಯೆ!’

ದೊಡ್ಡಪ್ಪ: ‘ರಾಮಾನುಜನ್ ಬಿಟ್ಟರು ಅನ್ನೋಕೆ ನೀನ್ಯಾರು?’

‘ದೊಡ್ಡಪ್ಪ, ಅಷ್ಟು ಉದ್ದದ ಪಟ್ಟಿಯಲ್ಲಿ ಒಂದೇ ಒಂದು ತಪ್ಪಿದೆ. ಅದಕ್ಕೇ ನನಗೆ ಅವರ ಮೇಲೆ ಗೌರವ ಜಾಸ್ತಿ’ ಎಂದು ಬರೆದೆ. ಅವರು ಓದಿದರು, ಉತ್ತರ ಕೊಡಲಿಲ್ಲ.

ಅಕ್ಕ: ‘ಈ ಸಲ ಪರಿಷೆ ಯಾವ ಸೋಮವಾರ?’

ಅತ್ತೆ: ‘ಅದಿರಲಿ, ಚಿಕ್ಕಪ್ಪನಿಗೆ ಫೋನ್ ಮಾಡೋರು ಯಾರು?’