ಮೊಲದ ಬಡಕಲು ಮರಿಗೆ ಹಾಲು ಕುಡಿಸೋದು ಹೇಗೆ?

ಶಿರಸಿಯಿಂದ:
ನಮ್ಮ ಮೊಲ ಆರು ಮರಿ ಹಾಕಿ ಇವತ್ತಿಗೆ 6 ದಿನ. ಐದು ಗುಂಡಗಿವೆ. ಒಂದು ಮಾತ್ರ ಹೆಬ್ಬೆರಳಿನಷ್ಟೇ ಇದೆ, ಹೊಟ್ಟೆ ಒಳಗೆ ಹೋಗಿ ಚರ್ಮ ಸುಕ್ಕಾಗಿದೆ. ಜಡಿಮಳೆ ಬೇರೆ, ಕೊಟ್ಟಿಗೆಯೆಲ್ಲ ಥಂಡಿ. ತಾಯಿ ಗೂಡಿನ ಹತ್ತಿರ ಹೋಗೋದೇ ಕಾಣೋದಿಲ್ಲ. ಆಕಳ ಹಾಲು ಹಾಕಲಾ?

ಕುಮಟಾದಿಂದ:
ತಾಯಿ ಮೇಲೆ ಸಿಟ್ಟು ಬೇಡ ಮಾರಾಯ್ರೇ. ಮೊಲ ದಿನಕ್ಕೆ ಒಂದೋ ಎರಡೋ ಸಲ, ಮೂರ್ನಾಲ್ಕು ನಿಮಿಷ ಮಾತ್ರ ಹಾಲು ಕೊಡುತ್ತದೆ. ಅದೂ ಹೆಚ್ಚಾಗಿ ರಾತ್ರಿ, ಇಲ್ಲವೇ ನಸುಕಿನಲ್ಲಿ. ಮೊದಲು ಮರಿಯನ್ನು ಬೆಚ್ಚಗೆ ಮಾಡಿ. ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ. ಆಮೇಲೆ ತಾಯಿಯನ್ನು ಹಿಡಿದುಕೊಂಡು ಇದೊಂದಕ್ಕೇ ಮೊದಲು ಕುಡಿಸಿ. ಹೋದ ಮಳೆಗಾಲ ನಾನು ಹಾಗೇ ಒಂದನ್ನು ಉಳಿಸಿಕೊಂಡೆ. ಮುಂಗೈ ತುಂಬ ಪರಚಿದ ಗಾಯ, ಅದು ಬಿಡಿ.

ಕಾರವಾರದಿಂದ:
ಆಕಳ ಹಾಲು ಬೇಡ, ಮೊಲದ ಹಾಲು ಅದಕ್ಕಿಂತ ತುಂಬಾ ಗಟ್ಟಿ. ಬೆಕ್ಕಿನ ಮರಿಗೆ ಕೊಡುವ ಹಾಲಿನ ಪುಡಿ ಸಿಕ್ಕರೆ ಒಳ್ಳೇದು, ಇಲ್ಲಾಂದ್ರೆ ಆಡಿನ ಹಾಲು. 1 ಎಂಎಲ್ ಸಿರಿಂಜ್ ಸಾಕು, ಸೂಜಿ ತೆಗೆದು. ಮರಿಯನ್ನು ಅಂಗಾತ ಹಿಡಿಯಬೇಡಿ. ತುಟಿಗೆ ಒಂದೊಂದೇ ಹನಿ ಮುಟ್ಟಿಸಿ, ಅದೇ ನೆಕ್ಕಲಿ. ಮೂಗಲ್ಲಿ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಕೆಳಗೆ ಸವರಿದರೆ ಉಚ್ಚೆ ಹೊಯ್ಯುತ್ತದೆ.

ಶಿರಸಿಯಿಂದ:
ತಾಯಿಯನ್ನು ಇಬ್ಬರು ಸೇರಿ ಹಿಡಿದೆವು. ಕುಡಿಯಿತು! ಹೊಟ್ಟೆ ಗೋಲಿ ಹಾಗೆ ಉಬ್ಬಿದೆ. ಈಗ ಬಚ್ಚಲ ಒಲೆ ಪಕ್ಕ ರಟ್ಟಿನ ಡಬ್ಬದಲ್ಲಿ ಮಲಗಿದೆ.