ಮಗಳ ಫುಟ್‌ಬಾಲ್ ಮ್ಯಾಚ್ ಶೂಟ್ ಮಾಡಲು ಯಾವ ಕ್ಯಾಮೆರಾ ತಗೊಳ್ಳಲಿ?

ಪ್ರಶ್ನೆ: ಸರ್, ಮಗಳಿಗೆ 11 ವರ್ಷ, ಫುಟ್‌ಬಾಲ್ ಆಡುತ್ತಾಳೆ. ಇಷ್ಟು ದಿನ ಮೊಬೈಲಲ್ಲೇ ತೆಗೆಯುತ್ತಿದ್ದೆ. ಮಕ್ಕಳು ಮೈದಾನದ ಆ ತುದಿಗೆ ಹೋದರೆ ಇರುವೆಗಳ ಹಾಗೆ ಕಾಣುತ್ತಾರೆ. ಜೂಮ್ ಮಾಡಿದರೆ ಜರ್ಸಿ ನಂಬರೂ ಕಲಸಿಹೋಗುತ್ತದೆ. 4ಕೆ ಮಿರರ್‌ಲೆಸ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ತಗೊಳ್ಳಲಾ, ಹ್ಯಾಂಡಿಕ್ಯಾಮ್ ಸಾಕಾ?

ಉತ್ತರ: 4ಕೆ ಆಮೇಲೆ ನೋಡೋಣ ಮೇಡಂ. ಮೊದಲು ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ದೂರದ್ದನ್ನು ಹತ್ತಿರ ಎಳೆಯುವ ಜೂಮ್, ಎಷ್ಟಿದೆ ಕೇಳಿ. ಡಿಜಿಟಲ್ ಜೂಮ್ ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೆ. ನಿಮ್ಮ ಮೊಬೈಲಲ್ಲಿ ಆಗಿದ್ದೂ ಅದೇ. ಹಗಲಲ್ಲಿ ಮೈದಾನದ ಆಟಕ್ಕೆ 20 ಪಟ್ಟು ಆಪ್ಟಿಕಲ್ ಜೂಮ್ ಇರುವ ಹ್ಯಾಂಡಿಕ್ಯಾಮ್ ಧಾರಾಳ ಸಾಕು. ಮಿರರ್‌ಲೆಸ್‌ನಲ್ಲಿ ಅಷ್ಟು ದೂರ ಎಳೆಯುವ ಲೆನ್ಸ್ ಕ್ಯಾಮೆರಾಗಿಂತಲೂ ದುಬಾರಿಯಾಗಬಹುದು, ಭಾರ ಬೇರೆ.

ಇನ್ನೊಂದು ಕಾಟ ಇದೆ. ಎಷ್ಟೋ ಹಳೆಯ ಮಿರರ್‌ಲೆಸ್‌ಗಳು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತವೆ. ಅರ್ಧ ಗಂಟೆ ದಾಟಿದರೆ ಯುರೋಪಿನಲ್ಲಿ ಅದನ್ನು ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಿಡಿದು ಸುಂಕ ಜಾಸ್ತಿ ಹಾಕುತ್ತಿದ್ದರು, ಅದಕ್ಕೆ. ನಾನೂ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಗೋಲ್ ಆಯಿತು, ಎಲ್ಲರೂ ಕುಣಿದರು. ಸ್ಕ್ರೀನ್ ನೋಡಿದರೆ ಕೆಂಪು ಚುಕ್ಕಿಯೇ ಇಲ್ಲ!

ಸೆಕೆಂಡಿಗೆ 50 ಅಥವಾ 60 ಫ್ರೇಮ್ ಇಡಿ. ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/500 ಸೆಕೆಂಡ್ ಆಸುಪಾಸು ಇರಲಿ. ಆಟೊಗೆ ಬಿಟ್ಟರೆ ಮೋಡ ಕವಿದಾಗ ಶಟರ್ ನಿಧಾನವಾಗಿ ಚೆಂಡಿಗೆ ಬಾಲ ಬಂದಂತೆ ಕಾಣುತ್ತದೆ.

ದುಡ್ಡು ಉಳಿದರೆ ಟ್ರೈಪಾಡ್‌ಗೆ ಹಾಕಿ. ಉಳಿಯದಿದ್ದರೂ ಹಾಕಿ. ಅಷ್ಟು ಜೂಮ್‌ನಲ್ಲಿ ನೀವು ಉಸಿರಾಡಿದರೂ ಚಿತ್ರ ಅಲ್ಲಾಡುತ್ತದೆ. ಫ್ಲೂಯಿಡ್ ಹೆಡ್ (ಕ್ಯಾಮೆರಾವನ್ನು ನಯವಾಗಿ ತಿರುಗಿಸುವ ಮೇಲಿನ ಭಾಗ) ಇರುವುದನ್ನೇ ತಗೊಳ್ಳಿ. ಹಿಡಿಯನ್ನು ಎರಡೇ ಬೆರಳಲ್ಲಿ ತಳ್ಳಿ ನೋಡಿ, ಎಲ್ಲೂ ಜಗ್ಗದೆ ಒಂದೇ ಸಮನೆ ತಿರುಗಬೇಕು.

ಇನ್ನೊಬ್ಬರ ಪ್ರಶ್ನೆ: ನಮ್ಮ ಮಗಂದು ಒಳಾಂಗಣದ ಬ್ಯಾಸ್ಕೆಟ್‌ಬಾಲ್. ಇದೇ ಕ್ಯಾಮೆರಾ ನಡೆಯುತ್ತಾ ಸರ್?

ಉತ್ತರ: ಕಷ್ಟ. ಅಲ್ಲಿ ಬೆಳಕು ಕಮ್ಮಿ, ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಿದ್ದರೆ ಚಿತ್ರದ ತುಂಬ ಕಾಳುಕಾಳು. ಅಂಕಣ ಹತ್ತಿರವೇ ಇರುತ್ತದಲ್ವಾ, ಜೂಮ್ ಕಡಿಮೆಯಿದ್ದರೂ ಪರವಾಗಿಲ್ಲ, 1 ಇಂಚಿನ ಸೆನ್ಸರ್ ನೋಡಿ. ದೀಪ ಮಿಣುಕುವುದು ಕಂಡರೆ ಶಟರ್ 1/100ಕ್ಕೆ ತನ್ನಿ. ಕರೆಂಟ್ 60 ಹರ್ಟ್ಸ್ ಇರುವ ದೇಶವಾದರೆ 1/120.

ಮೊದಲು ಕೇಳಿದವರು: ಥ್ಯಾಂಕ್ಸ್ ಸರ್. ನಾವು ಬಲೆ ಬೇಲಿಯ ಹಿಂದೆ ನಿಲ್ಲಬೇಕು. ಫೋಕಸ್ ಬಲೆಗೇ ಹೋಗುತ್ತದಲ್ಲ?

ಉತ್ತರ: ಲೆನ್ಸನ್ನು ಬಲೆಯ ಕಣ್ಣಿಗೆ ಆದಷ್ಟು ಹತ್ತಿರ ಹಿಡಿಯಿರಿ, ತಂತಿ ಮಸುಕಾಗಿ ಮಾಯವಾಗುತ್ತದೆ. ಆಮೇಲೂ ಹಟ ಮಾಡಿದರೆ ಮ್ಯಾನ್ಯುಯಲ್ ಫೋಕಸ್‌ಗೆ ಹಾಕಿ, ಮೈದಾನದ ನಡುವಿನ ಗೆರೆಗೆ ಹೊಂದಿಸಿ ಬಿಟ್ಟುಬಿಡಿ.